ಸಂತೆಯ ತತ್ತಿ, ಅವಸರದ ರೆಟಿನಾ: ಕಲಬುರಗಿಯ ಪ್ರಯೋಗಾಲಯವೊಂದರ ಪ್ರಕರಣ ಅಧ್ಯಯನ

ಕಲಬುರಗಿಯ ಜೀವವಿಜ್ಞಾನ ಪ್ರಯೋಗಾಲಯವೊಂದರಲ್ಲಿ ಪಿಎಚ್‌ಡಿ ಮೂರನೇ ವರ್ಷದ ಸಂಶೋಧನಾರ್ಥಿಯೊಬ್ಬರಿಗೆ ಏಪ್ರಿಲ್ ತಿಂಗಳಲ್ಲಿ ಒಂದು ಚಂದದ ಫಲಿತಾಂಶ ಸಿಕ್ಕಿತು. ಜವಾರಿ ಕೋಳಿಯ ಭ್ರೂಣದಲ್ಲಿ ಕಣ್ಣಿನ ಒಳಪದರವಾದ ರೆಟಿನಾದ ಗ್ಯಾಂಗ್ಲಿಯನ್ ಕೋಶಗಳು (ಕಣ್ಣಿನಿಂದ ಮೆದುಳಿಗೆ ಸಂಕೇತ ಒಯ್ಯುವ ನರಕೋಶಗಳು) ಫಾರಂ ಕೋಳಿಯ ಭ್ರೂಣಕ್ಕಿಂತ ಅರ್ಧ ದಿನದಷ್ಟು ಮೊದಲೇ ಹುಟ್ಟುತ್ತವೆ ಎಂದು ಅವರ ಸ್ಲೈಡುಗಳು ಹೇಳುತ್ತಿದ್ದವು. ಎರಡೂ ಗುಂಪಿಗೆ ಸರಿಯಾಗಿ 60 ಗಂಟೆ ಕಾವು ಕೊಡಲಾಗಿತ್ತು, ಬಣ್ಣ ಕಟ್ಟಿದ್ದು ಸ್ವಚ್ಛವಾಗಿತ್ತು, ಎಣಿಕೆಯಲ್ಲಿ ಅಂತರ ಎದ್ದು ಕಾಣುತ್ತಿತ್ತು. ಲೇಖನದ ಕರಡೂ ಸಿದ್ಧವಾಯಿತು. ಆದರೆ ತೀರ್ಮಾನ ತಪ್ಪಾಗಿತ್ತು. ಜೀನು, ಆಂಟಿಬಾಡಿ, ಸೂಕ್ಷ್ಮದರ್ಶಕ ಎಲ್ಲವೂ ಸರಿಯಿದ್ದು, ತತ್ತಿ ಇನ್‌ಕ್ಯುಬೇಟರಿಗೆ ಬರುವ ಮೊದಲು ಎಲ್ಲಿ, ಎಷ್ಟು ಹೊತ್ತು ಇತ್ತು ಎಂಬುದು ಮಾತ್ರ ಯಾವ ಹಾಳೆಯಲ್ಲೂ ದಾಖಲಾಗಿರಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಭ್ರೂಣದ ಕೆಲಸ ಮಾಡುವ ಯಾರಿಗಾದರೂ ಇದೇ ಆಗಬಹುದಾದ್ದರಿಂದ ಇಡೀ ಪ್ರಕರಣವನ್ನು ಬಿಡಿಸಿ ಬರೆದಿದ್ದೇವೆ.

ಪ್ರಶ್ನೆ ಮತ್ತು ವಿನ್ಯಾಸ

ರೆಟಿನಾ ಬೆಳೆಯುವ ಭ್ರೂಣದಲ್ಲಿ ಮೆದುಳಿನಿಂದಲೇ ಹೊರಚಾಚಿ ಬಂದ ಭಾಗ. ಅದರಲ್ಲಿ ಆರು ಬಗೆಯ ನರಕೋಶಗಳೂ ಮುಲ್ಲರ್ ಗ್ಲಿಯಾ ಎಂಬ ಪೋಷಕ ಕೋಶವೂ ಇವೆ. ಒಂದೇ ಮೂಲಕೋಶದಿಂದ ಇವುಗಳಲ್ಲಿ ಹಲವು ಬಗೆ ಹುಟ್ಟಬಲ್ಲವು ಎಂಬುದನ್ನು 1987ರಲ್ಲಿ ಡೇವಿಡ್ ಟರ್ನರ್ ಮತ್ತು ಕಾನಿ ಸೆಪ್ಕೊ ಇಲಿಯ ರೆಟಿನಾದಲ್ಲಿ ರೆಟ್ರೊವೈರಸ್ ಗುರುತು ಹಾಕಿ ತೋರಿಸಿದರು. ಹುಟ್ಟುವ ಕ್ರಮ ಬೆನ್ನೆಲುಬುಳ್ಳ ಪ್ರಾಣಿಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ: ಗ್ಯಾಂಗ್ಲಿಯನ್ ಕೋಶ ಎಲ್ಲಕ್ಕಿಂತ ಮೊದಲು, ಬೈಪೋಲಾರ್ ಮತ್ತು ಮುಲ್ಲರ್ ಗ್ಲಿಯಾ ಕೊನೆಗೆ. ಗ್ಯಾಂಗ್ಲಿಯನ್ ಕೋಶ ಆಗಲು ಎಟಿಒಎಚ್7 ಎಂಬ ಜೀನು ಬೇಕು. ಅದಿಲ್ಲದ ಇಲಿಮರಿಗಳ ರೆಟಿನಾದಲ್ಲಿ ಈ ಕೋಶಗಳು ಬಹುಪಾಲು ಇರುವುದೇ ಇಲ್ಲ. ಕೋಶಗಳ ನಡುವಿನ ನಾಚ್ ಎಂಬ ಸಂಕೇತ ಮೂಲಕೋಶಗಳು ಬೇಗನೆ ನರಕೋಶವಾಗದಂತೆ ತಡೆದು ಹಿಡಿಯುತ್ತದೆ, ಎಫ್‌ಜಿಎಫ್ ಎಂಬ ಇನ್ನೊಂದು ಸಂಕೇತ ರೆಟಿನಾದ ನಡುವಿನಿಂದ ಕೋಶ ಹುಟ್ಟುವ ಅಲೆಯನ್ನು ಆರಂಭಿಸುತ್ತದೆ, ಆ ಅಲೆ ಅಂಚಿನ ಕಡೆ ಹರಡುತ್ತದೆ. ನಡುವಿನಿಂದ ಅಂಚಿಗೆ ಎಂಬ ಈ ಮಾತು ಮುಂದೆ ಮತ್ತೆ ಬರುತ್ತದೆ.

ಕೋಳಿ ಭ್ರೂಣದಲ್ಲಿ ಮೊದಲ ಗ್ಯಾಂಗ್ಲಿಯನ್ ಕೋಶಗಳು ಕಾವಿನ ಮೂರನೇ ದಿನದ ಸುಮಾರಿಗೆ ಕಾಣತೊಡಗುತ್ತವೆ. ಕಣ್ಣು ದೊಡ್ಡದು, ಚಿಪ್ಪು ಕಿಟಕಿಯಂತೆ ತೆರೆಯಬಹುದು, ಇಲಿಮನೆಯ ಖರ್ಚಿಲ್ಲ. ಸಣ್ಣ ಊರಿನ ಪ್ರಯೋಗಾಲಯಕ್ಕೆ ಇದಕ್ಕಿಂತ ಒಳ್ಳೆಯ ಜೀವಿ ಸಿಗುವುದು ಕಷ್ಟ, ಸಂಶೋಧನಾರ್ಥಿ ಅದನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇತ್ತು. ಪ್ರಶ್ನೆಯೂ ಒಳ್ಳೆಯದೇ: ಹತ್ತಾರು ತಲೆಮಾರು ತತ್ತಿಗಾಗಿ ಆಯ್ದು ಬೆಳೆಸಿದ ಫಾರಂ ತಳಿಗೂ, ಊರೊಳಗೆ ತಿರುಗುವ ಜವಾರಿಗೂ ರೆಟಿನಾದ ವೇಳಾಪಟ್ಟಿಯಲ್ಲಿ ವ್ಯತ್ಯಾಸವಿದೆಯೇ?

ಅಂಗಡಿಯ ತತ್ತಿ ಈ ಕೆಲಸಕ್ಕೆ ಬರುವುದಿಲ್ಲ. ಲೇಯರ್ ಫಾರಂನಲ್ಲಿ ಹುಂಜ ಇರುವುದಿಲ್ಲ, ಆ ತತ್ತಿಯಲ್ಲಿ ಭ್ರೂಣವಿಲ್ಲ. ಮರಿ ಮಾಡುವ ಹ್ಯಾಚರಿಗೆ ತತ್ತಿ ಕೊಡುವ ಬ್ರೀಡರ್ ಫಾರಂಗೇ ಹೋಗಬೇಕು. ಬೀದರ್ ಜಿಲ್ಲೆಯ ಅಂಥ ಒಂದು ಫಾರಂನಿಂದ ಹುಮನಾಬಾದ್ ಹಾದಿಯಲ್ಲಿ ಒಂದು ಗುಂಪಿನ ತತ್ತಿ ಬರುತ್ತಿತ್ತು. ಜವಾರಿ ತತ್ತಿಯನ್ನು ಆಳಂದ ಕಡೆಯ ಹಳ್ಳಿಗಳ ಸಂತೆಯಲ್ಲಿ ಕೊಳ್ಳಲಾಗುತ್ತಿತ್ತು. ಎರಡನ್ನೂ ಒಂದೇ ದಿನ, ಒಂದೇ ಇನ್‌ಕ್ಯುಬೇಟರಿನಲ್ಲಿ 37.5 ಡಿಗ್ರಿಗೆ ಇಟ್ಟು, 60 ಗಂಟೆಗೆ ತೆಗೆದು, ತಲೆಯನ್ನು ಬೇರ್ಪಡಿಸಿ ಫಿಕ್ಸ್ ಮಾಡಿ (ಕೆಡದಂತೆ ರಾಸಾಯನಿಕದಲ್ಲಿ ಸ್ಥಿರಗೊಳಿಸಿ), ಗ್ಯಾಂಗ್ಲಿಯನ್ ಕೋಶದ ಗುರುತಾದ ಐಲೆಟ್-1 ಪ್ರೋಟೀನಿಗೆ ಬಣ್ಣ ಕಟ್ಟಿ ಎಣಿಸುವುದು, ಇಷ್ಟೇ ವಿನ್ಯಾಸ. ಎರಡು ಗುಂಪಿನ ನಡುವೆ ತಳಿಯೊಂದೇ ಬೇರೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಅನುಮಾನ ಹುಟ್ಟಿದ್ದು ಹೇಗೆ

ಕರಡು ಓದಿದ ಹಿರಿಯ ಸಂಶೋಧಕರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ಈ ಭ್ರೂಣಗಳಿಗೆ ಸೋಮೈಟ್ (ಬೆಳೆದಂತೆ ಬೆನ್ನಿನುದ್ದಕ್ಕೂ ಒಂದೊಂದೇ ಜೋಡಿಯಾಗಿ ಮೂಡುವ ಅಂಗಾಂಶದ ತುಂಡು) ಎಷ್ಟಿದ್ದವು?

ಉತ್ತರ ಪುಸ್ತಕದಲ್ಲಿರಲಿಲ್ಲ. ಗಂಟೆ ಬರೆದಿದ್ದರು, ಹಂತ ಬರೆದಿರಲಿಲ್ಲ. ಕೋಳಿ ಭ್ರೂಣದ ಹಂತವನ್ನು ಹೇಳಲು 1951ರಿಂದ ಬಳಕೆಯಲ್ಲಿರುವುದು ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಪಟ್ಟಿ, ಒಟ್ಟು 46 ಹಂತ. ಅವರಿಬ್ಬರೂ ಆ ಪಟ್ಟಿಯನ್ನು ಮಾಡಿದ್ದೇ ಗಂಟೆಯ ಲೆಕ್ಕವನ್ನು ನಂಬಲಾಗದು ಎಂಬ ಕಾರಣಕ್ಕೆ. 60 ಗಂಟೆಯ ಭ್ರೂಣ ಸಾಮಾನ್ಯವಾಗಿ ಹಂತ 17ರಲ್ಲಿ ಇರಬೇಕು, ಸೋಮೈಟ್ 29ರಿಂದ 32. ಅದೃಷ್ಟಕ್ಕೆ ಸಂಶೋಧನಾರ್ಥಿ ಫಿಕ್ಸ್ ಮಾಡುವ ಮೊದಲು ಪ್ರತಿ ಭ್ರೂಣದ ಇಡೀ ದೇಹದ ಫೋಟೊ ತೆಗೆದಿಟ್ಟಿದ್ದರು. ಅವನ್ನು ತೆರೆದು ಮತ್ತೆ ಎಣಿಸಿದಾಗ ಫಾರಂ ಭ್ರೂಣಗಳು ಬಹುತೇಕ ಹಂತ 17ರಲ್ಲೇ ಇದ್ದವು. ಜವಾರಿ ಭ್ರೂಣಗಳಲ್ಲಿ ಕೆಲವು 17, ಹಲವು 19, ಕೆಲವು 20. ಹಂತ 20ರ ಗುರುತು ಕಣ್ಣಲ್ಲೇ ಇದೆ: ಆಗ ಕಣ್ಣಿಗೆ ಮೊದಲ ಬಾರಿಗೆ ತೆಳು ಬೂದು ಛಾಯೆ ಬರುತ್ತದೆ. ಫೋಟೊಗಳಲ್ಲಿ ಅದು ಕಾಣುತ್ತಲೇ ಇತ್ತು, ಯಾರೂ ಅದನ್ನು ಹುಡುಕಿರಲಿಲ್ಲ.

ಅಂದರೆ ರೆಟಿನಾ ಮಾತ್ರ ಮುಂದೆ ಹೋಗಿರಲಿಲ್ಲ, ಇಡೀ ಭ್ರೂಣವೇ ಮುಂದೆ ಹೋಗಿತ್ತು. ಗ್ಯಾಂಗ್ಲಿಯನ್ ಕೋಶಗಳ ಎಣಿಕೆಯನ್ನು ಗಂಟೆಯ ಬದಲು ಹಂತದ ಎದುರು ಇಟ್ಟು ಗ್ರಾಫ್ ಹಾಕಿದಾಗ ಎರಡು ತಳಿಯ ಚುಕ್ಕೆಗಳು ಒಂದರ ಮೇಲೊಂದು ಕೂತವು.

ಇಷ್ಟಕ್ಕೇ ನಿಲ್ಲಬಹುದಿತ್ತು. ಜವಾರಿ ಭ್ರೂಣ ಒಟ್ಟಾರೆ ವೇಗವಾಗಿ ಬೆಳೆಯುತ್ತದೆ ಎಂದು ಬರೆದು ಮುಗಿಸಬಹುದಿತ್ತು. ಆದರೆ ಇನ್ನೂ ಮೂರು ಸಂಗತಿ ಆ ವಿವರಣೆಗೆ ಒಗ್ಗುತ್ತಿರಲಿಲ್ಲ. ಮೊದಲನೆಯದು ಹರವು. ತಳಿಯ ಗುಣದಿಂದ ವೇಗ ಹೆಚ್ಚಿದ್ದರೆ ಇಡೀ ಗುಂಪು ಒಟ್ಟಿಗೆ ಮುಂದೆ ಸರಿಯಬೇಕು. ಇಲ್ಲಿ ಕೆಲವು ಸರಿದಿದ್ದವು, ಕೆಲವು ಇದ್ದಲ್ಲೇ ಇದ್ದವು. ಒಂದೇ ಬುಟ್ಟಿಯ ತತ್ತಿಗಳಿಗೆ ಬೇರೆ ಬೇರೆ ಇತಿಹಾಸ ಇದ್ದಾಗ ಕಾಣುವ ಚಿತ್ರ ಇದು. ಎರಡನೆಯದು, ಜನವರಿಯಲ್ಲಿ ಮಾಡಿದ್ದ ಸಣ್ಣ ಪ್ರಾಯೋಗಿಕ ಸುತ್ತಿನಲ್ಲಿ ಎರಡು ತಳಿಗಳಿಗೆ ಅಂತರವೇ ಇರಲಿಲ್ಲ. ಆಗ ಕೈ ಪಳಗಿರಲಿಲ್ಲ ಎಂದು ಅದನ್ನು ಬದಿಗಿಟ್ಟಿದ್ದರು. ಮೂರನೆಯದು ಕಸದ ಬುಟ್ಟಿ: ಜವಾರಿ ತತ್ತಿಗಳಲ್ಲಿ ಬಹಳಷ್ಟನ್ನು ಫಲಿತವಾಗಿಲ್ಲ ಎಂದು ಬರೆದು ಎಸೆಯಲಾಗುತ್ತಿತ್ತು.

ಈ ಮೂರನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೊಸಬರು ಇಲ್ಲೇ ಹೆಚ್ಚು ಎಡವುತ್ತಾರೆ. ಟಾರ್ಚ್ ಹಿಡಿದು ನೋಡಿದಾಗ ರಕ್ತನಾಳ ಕಾಣದ ತತ್ತಿಯೆಲ್ಲ ಖಾಲಿ ಅಲ್ಲ. ಒಡೆದು ಬಟ್ಟಲಿಗೆ ಹಾಕಿ ನೋಡಬೇಕು. ಫಲಿತವಾಗದ ತತ್ತಿಯ ಹಳದಿಯ ಮೇಲೆ ಸಣ್ಣ, ಗಟ್ಟಿ, ಅಂಚು ಸರಿಯಿಲ್ಲದ ಬಿಳಿ ಚುಕ್ಕೆ ಇರುತ್ತದೆ. ಫಲಿತವಾದದ್ದರಲ್ಲಿ ನಡು ತಿಳಿಯಾಗಿ ಸುತ್ತ ಬಿಳಿ ಬಳೆಯಂಥ ವೃತ್ತ ಕಾಣುತ್ತದೆ. ಬೆಳೆಯತೊಡಗಿ ಸತ್ತದ್ದರಲ್ಲಿ ಆ ತಟ್ಟೆ ದೊಡ್ಡದಾಗಿ ಹರಡಿರುತ್ತದೆ, ಇನ್ನೂ ಮುಂದೆ ಹೋಗಿ ಸತ್ತಿದ್ದರೆ ಕೆಂಪು ರಕ್ತದ ಉಂಗುರ ಇರುತ್ತದೆ. ಮುಂದಿನ ಸುತ್ತಿನಲ್ಲಿ ಎಸೆಯುವ ಪ್ರತಿ ತತ್ತಿಯನ್ನೂ ಹೀಗೆ ತೆರೆದು ನೋಡಿದಾಗ ಖಾಲಿ ಎನಿಸಿಕೊಂಡವುಗಳಲ್ಲಿ ಹೆಚ್ಚಿನವು ಬೆಳೆದು ಸತ್ತವೇ ಆಗಿದ್ದವು. ಇನ್‌ಕ್ಯುಬೇಟರಿಗೆ ಬರುವ ಮೊದಲೇ ಅವು ಬೆಳೆದಿದ್ದವು.

ಬುಟ್ಟಿಯಲ್ಲಿ ಕಳೆದ ದಿನಗಳು

ಕೋಳಿ ತತ್ತಿ ಹೊರಗೆ ಬೀಳುವಾಗಲೇ ಭ್ರೂಣಕ್ಕೆ ಒಂದು ದಿನದ ಆಯುಸ್ಸು ಆಗಿರುತ್ತದೆ, ತಟ್ಟೆಯಲ್ಲಿ ಹತ್ತಾರು ಸಾವಿರ ಕೋಶಗಳಿರುತ್ತವೆ. ಸುಮಾರು 21 ಡಿಗ್ರಿಗಿಂತ ಕೆಳಗೆ ಇಟ್ಟರೆ ಬೆಳವಣಿಗೆ ನಿಲ್ಲುತ್ತದೆ. 27 ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ, ಆದರೆ 37ರ ಹದ ಸಿಗುವ ತನಕ ಅದು ಸಮನಾಗಿ ನಡೆಯುವುದಿಲ್ಲ: ಒಂದು ಅಂಗಾಂಶ ಮುಂದೆ ಓಡುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಹಾಗೆ ಕೆಲವು ದಿನ ಕಳೆದರೆ ಭ್ರೂಣ ಸಾಯುತ್ತದೆ. ಹ್ಯಾಚರಿಗಳು ತತ್ತಿಯನ್ನು 16ರಿಂದ 18 ಡಿಗ್ರಿಯ ಕೋಣೆಯಲ್ಲಿ, 75 ಶೇಕಡಾ ತೇವದಲ್ಲಿ, ಒಂದು ವಾರದೊಳಗಿನ ಅವಧಿಗೆ ಇಡುವುದು ಇದೇ ಕಾರಣಕ್ಕೆ.

ಫಾರಂ ತತ್ತಿ ಆ ತಂಪು ಕೋಣೆಯಿಂದ ಬರುತ್ತಿತ್ತು. ಜವಾರಿ ತತ್ತಿ ಎಲ್ಲಿಂದ ಬರುತ್ತದೆ ಎಂದು ಸಂತೆಯಲ್ಲಿ ತತ್ತಿ ಮಾರುವ ಹೆಣ್ಣುಮಗಳನ್ನು ಕೇಳಿದಾಗ ಸಿಕ್ಕ ಉತ್ತರ: "ಸಂತಿ ವಾರಕ್ಕೊಮ್ಮಿ ಅದರಿ ಮೇಡಂ, ಅಲ್ಲಿತನ ಬುಟ್ಯಾಗ ಕೂಡಿಸಿ ಇಟ್ಟಿರ್ತೇವ್ರಿ." ಏಪ್ರಿಲ್ ತಿಂಗಳ ತಗಡಿನ ಮನೆಯ ಬುಟ್ಟಿಯೊಳಗೆ ಹಗಲು 38, ರಾತ್ರಿ 28 ಡಿಗ್ರಿ ಅಂದರೆ ಅದೇ ಅರ್ಧ ಕಾವು. ಜನವರಿಯ ಬುಟ್ಟಿ ತಣ್ಣಗಿತ್ತು, ಅದಕ್ಕೇ ಆಗ ಅಂತರ ಕಾಣಲಿಲ್ಲ. ಮೇಲಾಗಿ ಜವಾರಿ ಕೋಳಿ ಕಾವಿಗೆ ಕೂಡುತ್ತದೆ. ಗೂಡಿನಲ್ಲಿ ಮೂರ್ನಾಲ್ಕು ತತ್ತಿ ಒಟ್ಟಾಗುವ ತನಕ ತೆಗೆಯದೆ ಬಿಟ್ಟರೆ ಹೊಸ ತತ್ತಿ ಇಡುವಾಗೆಲ್ಲ ಹಳೆಯವಕ್ಕೆ ಮೈಯ ಬಿಸಿ ತಾಗುತ್ತದೆ. ಫಾರಂ ಲೇಯರ್ ತಳಿಗಳಲ್ಲಿ ಈ ಗುಣವನ್ನು ಆಯ್ಕೆಯಿಂದ ಬಹುಪಾಲು ತೆಗೆದುಹಾಕಲಾಗಿದೆ. ಹೀಗಾಗಿ ತಳಿ ಮತ್ತು ಮುನ್ನಾ ಬಿಸಿ ಒಂದಕ್ಕೊಂದು ಅಂಟಿಕೊಂಡೇ ಬಂದವು. ವಾರದ ಹಿಂದಿನ ತತ್ತಿಗಳು ಸತ್ತು ಖಾಲಿ ಎನಿಸಿಕೊಂಡವು, ನಿನ್ನೆ ಮೊನ್ನೆಯವು ಕೆಲವು ಗಂಟೆ ಮುಂದೆ ಹೋಗಿ ಬದುಕಿ ಎಣಿಕೆಗೆ ಬಂದವು. ವೇಗದ ತಳಿ ಎನ್ನುವ ಭ್ರಮೆ ಹುಟ್ಟಿದ್ದು ಈ ಬದುಕಿದವುಗಳಿಂದ.

ಇನ್‌ಕ್ಯುಬೇಟರಿನದೂ ಒಂದು ಪಾಲಿತ್ತು. ಸಾಧಾರಣ ತತ್ತಿ ಇನ್‌ಕ್ಯುಬೇಟರಿಗೆ ಹೀಟರ್ ಮಾತ್ರ ಇರುತ್ತದೆ, ತಣಿಸುವ ಯಂತ್ರ ಇರುವುದಿಲ್ಲ. ಕೋಣೆಯೇ 41 ಡಿಗ್ರಿ ಆದಾಗ ಅದು ಹೀಟರ್ ಆರಿಸಿ ಸುಮ್ಮನೆ ಕೂರುತ್ತದೆ. ಒಳಗಿನ ತತ್ತಿ 40ರ ಮೇಲೆ ಹೋಗುತ್ತದೆ. ಗಾಜಿನ ಮೇಲಿನ ಅಂಕಿಯನ್ನು ನಂಬಬಾರದು, ತತ್ತಿಗಳ ನಡುವೆ ಇಟ್ಟ ಲಾಗರ್ (ತಾಪಮಾನವನ್ನು ದಾಖಲಿಸುತ್ತ ಹೋಗುವ ಸಣ್ಣ ಉಪಕರಣ) ಹೇಳುವುದೇ ನಿಜ. ಇಲ್ಲಿ ಅದನ್ನಿಟ್ಟಾಗ ಮಧ್ಯಾಹ್ನ ಮೇಲಿನ ತಟ್ಟೆ ಕೆಳಗಿನದಕ್ಕಿಂತ ಬಿಸಿ ಇರುವುದು ಗೊತ್ತಾಯಿತು, ಮತ್ತು ಗಾತ್ರದಲ್ಲಿ ಸಣ್ಣದಾದ ಜವಾರಿ ತತ್ತಿಗಳನ್ನು ಅನುಕೂಲಕ್ಕೆಂದು ಯಾವಾಗಲೂ ಮೇಲಿನ ತಟ್ಟೆಯಲ್ಲೇ ಜೋಡಿಸುತ್ತಿದ್ದರು. ಕರೆಂಟ್ ಹೋದಾಗ ಇದಕ್ಕೆ ತಿರುಗುಮುರುಗು: ಸಣ್ಣ ತತ್ತಿ ಬೇಗ ಆರುತ್ತದೆ.

ಪರೀಕ್ಷೆಗೆ ಒಡ್ಡಿದ ಬಗೆ

ಅನುಮಾನ ಎಷ್ಟೇ ಗಟ್ಟಿಯಿದ್ದರೂ ಅದೂ ಪ್ರಯೋಗದಿಂದಲೇ ಸಾಬೀತಾಗಬೇಕು. ನಾಲ್ಕು ಗುಂಪು ಮಾಡಲಾಯಿತು: ತಂಪಿನಲ್ಲಿಟ್ಟ ಫಾರಂ ತತ್ತಿ, 32 ಡಿಗ್ರಿಯಲ್ಲಿ 24 ಗಂಟೆ ಇಟ್ಟು ಆಮೇಲೆ ಕಾವಿಗೆ ಹಾಕಿದ ಫಾರಂ ತತ್ತಿ, ತಂಪಿನಲ್ಲಿಟ್ಟ ಜವಾರಿ ತತ್ತಿ, ಹಾಗೆಯೇ 32 ಡಿಗ್ರಿ ಕಂಡ ಜವಾರಿ ತತ್ತಿ. ಪ್ರತಿ ಗುಂಪಿಗೆ ಸುತ್ತಿಗೆ 12 ತತ್ತಿ, ಬೇರೆ ಬೇರೆ ವಾರ ಮೂರು ಸುತ್ತು. ಜವಾರಿಗೆ ಸಂತೆಯನ್ನು ಬಿಟ್ಟು, ಹುಂಜದೊಂದಿಗೆ ಕೆಲವು ಹೇಟೆಗಳನ್ನು ಒಬ್ಬ ರೈತರ ಕೊಟ್ಟಿಗೆಯಲ್ಲೇ ಬೇರೆ ಕಟ್ಟಿ, ದಿನಕ್ಕೆ ಮೂರು ಸಲ ತತ್ತಿ ಎತ್ತುವ ಏರ್ಪಾಟಾಯಿತು. ಎತ್ತಿದ ಗಂಟೆಯನ್ನು ಚಿಪ್ಪಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಯುವುದು. ಸ್ಕೆಚ್ ಪೆನ್ ಬೇಡ, ಶಾಯಿ ಚಿಪ್ಪಿನ ರಂಧ್ರಗಳಿಂದ ಒಳಗಿಳಿಯುತ್ತದೆ.

ಸಾಗಿಸಲು ಥರ್ಮಾಕೋಲ್ ಪೆಟ್ಟಿಗೆ, ಬಟ್ಟೆ ಸುತ್ತಿದ ಜೆಲ್ ಪ್ಯಾಕ್. ಪ್ಯಾಕ್ ತತ್ತಿಗೆ ನೇರ ತಾಗಬಾರದು. ಬೆಳಗಿನ ಆರು ಗಂಟೆಯ ಮೊದಲೇ ಹೊರಡಬೇಕು, ಬಸ್ಸಿನ ಡಿಕ್ಕಿಗೆ ಹಾಕಬಾರದು. ಶೇಖರಣೆಗೆ ಹೊಸ ಯಂತ್ರ ಕೊಳ್ಳಬೇಕಾಗಲಿಲ್ಲ: ನಮ್ಮ ಕಡೆಯ ಬಹುತೇಕ ಜೀವವಿಜ್ಞಾನ ವಿಭಾಗಗಳಲ್ಲಿ ಇರುವ ಬಿಒಡಿ ಇನ್‌ಕ್ಯುಬೇಟರಿಗೆ ತಣಿಸುವ ವ್ಯವಸ್ಥೆಯೂ ಇರುತ್ತದೆ, ಅದನ್ನೇ 16 ಡಿಗ್ರಿಗೆ ಇಟ್ಟು ಒಳಗೆ ನೀರಿನ ತಟ್ಟೆ ಇಟ್ಟರೆ ಸಾಕು. ಮನೆಯ ಫ್ರಿಜ್ ಬೇಡ, 4 ಡಿಗ್ರಿ ಭ್ರೂಣಕ್ಕೆ ಹಾನಿ. ತತ್ತಿಯ ದಪ್ಪ ತುದಿ ಮೇಲಿರಲಿ. ಪ್ರಯಾಣದ ನಂತರ ಒಂದು ರಾತ್ರಿ ಅಲುಗಿಸದೆ ಬಿಡಬೇಕು. ಮಳೆ ಶುರುವಾದ ಮೇಲೆ ಇನ್ನೊಂದು ಎಚ್ಚರ: 16ರಿಂದ ತೆಗೆದ ತತ್ತಿ ತೇವದ ಗಾಳಿಯಲ್ಲಿ ಬೆವರುತ್ತದೆ, ಆ ನೀರಿನೊಂದಿಗೆ ಬ್ಯಾಕ್ಟೀರಿಯಾ ಚಿಪ್ಪಿನೊಳಗೆ ಹೋಗುತ್ತವೆ. ಎಸಿ ಕೋಣೆಯಲ್ಲಿ ನಾಲ್ಕೈದು ಗಂಟೆ ಇಟ್ಟು ಮೆಲ್ಲಗೆ ಬೆಚ್ಚಗೆ ಮಾಡಿ ಆಮೇಲೆ ಕಾವಿಗೆ ಹಾಕಬೇಕು. ಕಾವಿನ ಕೋಣೆಯನ್ನು 26ರಿಂದ 28 ಡಿಗ್ರಿಯಲ್ಲಿ ಹಿಡಿದಿಟ್ಟರೆ ಹೀಟರ್ ಮಾತ್ರದ ಇನ್‌ಕ್ಯುಬೇಟರೂ 37.5ರಲ್ಲಿ ನಿಲ್ಲುತ್ತದೆ. ನಾಲ್ಕೂ ಗುಂಪುಗಳನ್ನು ಪ್ರತಿ ತಟ್ಟೆಯಲ್ಲೂ ಬೆರೆಸಿ ಜೋಡಿಸಲಾಯಿತು.

ಸೂಕ್ಷ್ಮದರ್ಶಕಕ್ಕಾಗಿ ಸೆಕ್ಷನ್ (ಅಂಗಾಂಶದ ತೆಳು ಹಾಳೆ) ಕತ್ತರಿಸುವಲ್ಲೂ ಒಂದು ಬಲೆಯಿತ್ತು. ಅಲೆ ನಡುವಿನಿಂದ ಅಂಚಿಗೆ ಹರಡುವುದರಿಂದ ಒಂದು ಗುಂಪಿನ ಸೆಕ್ಷನ್ ನಡುವಿಗೆ ಹತ್ತಿರ, ಇನ್ನೊಂದರದು ಅಂಚಿಗೆ ಹತ್ತಿರ ಬಿದ್ದರೆ ಎಣಿಕೆ ತಾನಾಗಿ ಬೇರೆಯಾಗುತ್ತದೆ. ಕಣ್ಣನ್ನು ಓರೆಯಾಗಿ ಕತ್ತರಿಸಿದರೆ ಪದರ ದಪ್ಪ ಕಾಣುತ್ತದೆ. ಆದ್ದರಿಂದ ಲೆನ್ಸಿನ ನಡುಭಾಗವೂ ಕಣ್ಣಿನ ಕಾಂಡವೂ ಒಟ್ಟಿಗೆ ಕಾಣುವ ಸೆಕ್ಷನ್‌ಗಳನ್ನಷ್ಟೇ ಎಣಿಸಬೇಕು, ಎಣಿಕೆಯನ್ನು ರೆಟಿನಾದ ಉದ್ದಕ್ಕೆ ಭಾಗಿಸಬೇಕು, ಗುಂಪಿನ ಹೆಸರು ಮುಚ್ಚಿ ಬೇರೊಬ್ಬರು ಎಣಿಸಬೇಕು.

ಫಿಕ್ಸ್ ಮಾಡುವ ಕ್ರಮ ಹೀಗಿತ್ತು. ಪ್ಯಾರಾಫಾರ್ಮಾಲ್ಡಿಹೈಡ್ 4 ಗ್ರಾಂ, ಒಟ್ಟು 100 ಮಿಲಿ ಫಾಸ್ಫೇಟ್ ಬಫರ್ ಸಲೈನ್. ಹೊಗೆಗೂಡಿನೊಳಗೆ 60 ಡಿಗ್ರಿಗೆ ಬಿಸಿ ಮಾಡಿ, ತಿಳಿಯಾಗುವ ತನಕ ಕೆಲವೇ ಹನಿ ಸೋಡಿಯಂ ಹೈಡ್ರಾಕ್ಸೈಡ್, ತಣಿದ ಮೇಲೆ ಪಿಎಚ್ 7.4. ಈ ವಯಸ್ಸಿನ ತಲೆಗೆ 4 ಡಿಗ್ರಿಯಲ್ಲಿ ಒಂದರಿಂದ ಎರಡು ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಐಲೆಟ್ ಬಣ್ಣ ಮಂಕಾಗಿ, ಕೋಶ ಇದ್ದೂ ಇಲ್ಲವೆನಿಸಬಹುದು. ನಂತರ 30 ಶೇಕಡಾ ಸುಕ್ರೋಸ್‌ನಲ್ಲಿ ತಲೆ ಮುಳುಗಿ ತಳ ಸೇರುವ ತನಕ ಇಟ್ಟು, ಓಸಿಟಿ ಅಂಟಿನಲ್ಲಿ ಕೂರಿಸಿ ಹೆಪ್ಪುಗಟ್ಟಿಸಬೇಕು. ಡ್ರೈ ಐಸ್ ಹೈದರಾಬಾದಿನಿಂದ ಬರುವಷ್ಟರಲ್ಲಿ ಅರ್ಧ ಆವಿ. ದನಗಳ ಕೃತಕ ಗರ್ಭಧಾರಣೆಯ ವೀರ್ಯ ನಳಿಕೆಗಳನ್ನು ಇಡಲು ಪಶುವೈದ್ಯರು ಬಳಸುವ ದ್ರವ ಸಾರಜನಕ ಜಿಲ್ಲೆಯಲ್ಲೇ ಸಿಗುತ್ತದೆ. ಅದರಲ್ಲಿ ತಣಿಸಿದ ಐಸೊಪೆಂಟೇನ್‌ಗೆ ಅಚ್ಚನ್ನು ಇಳಿಸಿದರೆ ಸೀಳದೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದನ್ನು ಕತ್ತರಿಸುವ ಯಂತ್ರ ಕ್ರಯೋಸ್ಟ್ಯಾಟ್ ಮೈನಸ್ 20ರ ಸುಮಾರು, ಸೆಕ್ಷನ್ 12 ಮೈಕ್ರೋಮೀಟರ್. ಐಲೆಟ್ ಆಂಟಿಬಾಡಿ ಅಯೋವಾ ವಿಶ್ವವಿದ್ಯಾಲಯದ ಹೈಬ್ರಿಡೋಮಾ ಬ್ಯಾಂಕಿನದು, ಕ್ಲೋನ್ 39.4ಡಿ5. ಇದು ಐಲೆಟ್-1 ಮತ್ತು 2 ಎರಡನ್ನೂ ಹಿಡಿಯುತ್ತದೆ, ರೆಟಿನಾ ದೊಡ್ಡದಾದ ಮೇಲೆ ಬೇರೆ ನರಕೋಶಗಳಲ್ಲೂ ಹೊಳೆಯುತ್ತದೆ. ಮೂರನೇ ದಿನಕ್ಕೆ ನಂಬಬಹುದು, ಎಂಟನೇ ದಿನಕ್ಕೆ ಇದೊಂದನ್ನೇ ನಂಬಬಾರದು.

ಫಲಿತಾಂಶ ಬಂದಾಗ ತಂಪಿನಲ್ಲಿಟ್ಟ ಫಾರಂ ಮತ್ತು ಜವಾರಿ ಗುಂಪುಗಳು ಒಂದೇ ಹಂತದಲ್ಲಿದ್ದವು. 32 ಡಿಗ್ರಿ ಕಂಡ ಎರಡೂ ಗುಂಪುಗಳು, ತಳಿ ಯಾವುದೇ ಇರಲಿ, ಮುಂದೆ ಹೋಗಿದ್ದವು, ಹರವೂ ಹೆಚ್ಚಿತ್ತು. ಅಂಕಿಅಂಶದ ಲೆಕ್ಕದಲ್ಲೂ ತಿದ್ದುಪಡಿಯಾಯಿತು. ಮೊದಲ ಕರಡಿನಲ್ಲಿ ಪ್ರತಿ ಸೆಕ್ಷನ್ ಅನ್ನೂ ಒಂದು ಸ್ವತಂತ್ರ ಮಾದರಿಯೆಂದು ಎಣಿಸಿ ಪಿ-ಮೌಲ್ಯ (ಅಂಥ ಅಂತರ ಬರೀ ಆಕಸ್ಮಿಕವಾಗಿ ಬರುವ ಸಂಭವ) ತೀರಾ ಚಿಕ್ಕದಾಗಿ ಬಂದಿತ್ತು. ಒಂದು ಕಣ್ಣಿನ ಇಪ್ಪತ್ತು ಸೆಕ್ಷನ್ ಅಂದರೆ ಇಪ್ಪತ್ತು ಭ್ರೂಣ ಅಲ್ಲ. ಇಲ್ಲಿ ಮಾದರಿ ಎಂದರೆ ಭ್ರೂಣ, ಮತ್ತು ಭ್ರೂಣಗಳು ತಮ್ಮ ತಮ್ಮ ಸುತ್ತಿನೊಳಗೆ ಕಟ್ಟಿಕೊಂಡಿರುತ್ತವೆ. ಲೆಕ್ಕ ಹಾಗೆಯೇ ಆಗಬೇಕು.

ವೃತ್ತಿಯ ಮಾತು

ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. 2023ರಲ್ಲಿ ಏರಿಸಿದಂತೆ ಜೆಆರ್‌ಎಫ್ (ಕಿರಿಯ ಸಂಶೋಧನಾ ವೇತನ) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಮೌಲ್ಯಮಾಪನವಾಗಿ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ವೇತನ) 42,000. ಮೂರನೇ ವರ್ಷದಲ್ಲಿ ಮೊದಲ ಲೇಖನ ಕೈತಪ್ಪುವುದೆಂದರೆ ಏನು ಎಂಬುದು ಆ ಸ್ಥಿತಿಯಲ್ಲಿದ್ದವರಿಗೇ ಗೊತ್ತು, ಅದರಲ್ಲೂ ಮನೆಯವರು ಕೆಲಸ ಯಾವಾಗ ಎಂದು ಕೇಳುತ್ತಿರುವಾಗ. ಇಂಥ ಹೊತ್ತಲ್ಲಿ ಮಾರ್ಗದರ್ಶಕರು ಎರಡು ದಾರಿ ಹಿಡಿಯುವುದನ್ನು ಕಂಡಿದ್ದೇವೆ. ಕೆಲವರು ಕರಡನ್ನು ಕೇಳುವವರಿಲ್ಲದ ಪತ್ರಿಕೆಯೊಂದಕ್ಕೆ ತಳ್ಳಿಬಿಡುತ್ತಾರೆ. ಅದು ಸಂಶೋಧನಾರ್ಥಿಗೆ ಮಾಡುವ ದೊಡ್ಡ ಅನ್ಯಾಯ: ಮುಂದೆ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರವಾದ ಸಿಸಿಎಂಬಿಗೋ ಎಲ್‌ವಿ ಪ್ರಸಾದ್ ನೇತ್ರ ಸಂಸ್ಥೆಗೋ ಅರ್ಜಿ ಹಾಕಿದಾಗ ಸಂದರ್ಶನದಲ್ಲಿ ಕೂತವರು ಸೋಮೈಟ್ ಎಷ್ಟು ಎಂದು ಕೇಳಿಯೇ ಕೇಳುತ್ತಾರೆ.

ಇಲ್ಲಿನ ಮಾರ್ಗದರ್ಶಕರು ಎರಡನೆಯ ದಾರಿ ಹಿಡಿದು ಪ್ರಬಂಧದ ಪ್ರಶ್ನೆಯನ್ನೇ ಬದಲಿಸಲು ಒಪ್ಪಿದರು. ಮುನ್ನಾ ಬಿಸಿ ಕಂಡ ಗುಂಪುಗಳಲ್ಲಿ ಸೋಮೈಟ್ ಎಣಿಕೆ ಒಂದೇ ಇದ್ದರೂ ಕಣ್ಣಿನ ಗಾತ್ರ ಭ್ರೂಣದಿಂದ ಭ್ರೂಣಕ್ಕೆ ಬದಲಾಗುತ್ತಿತ್ತು. ಅರ್ಧ ಕಾವಿನಲ್ಲಿ ಕಣ್ಣು ಮತ್ತು ಬೆನ್ನು ಬೇರೆ ಬೇರೆ ವೇಗದಲ್ಲಿ ನಡೆದಿದ್ದರೆ, ಗ್ಯಾಂಗ್ಲಿಯನ್ ಕೋಶ ಹುಟ್ಟುವ ಗಳಿಗೆ ಯಾವುದನ್ನು ಅನುಸರಿಸುತ್ತದೆ, ಬೆನ್ನಿನ ಲೆಕ್ಕವನ್ನೋ ಕಣ್ಣಿನದನ್ನೋ? ಇದು ತಳಿ ಹೋಲಿಕೆಗಿಂತ ಆಳವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಕಲಬುರಗಿಯ ಬೇಸಿಗೆ ಅಡ್ಡಿಯಲ್ಲ, ಉಪಕಾರಿ. ಹಳೆಯ ಕರಡಿನ ಸ್ಲೈಡುಗಳೂ ವ್ಯರ್ಥವಾಗಲಿಲ್ಲ. ಹಂತದ ಪ್ರಕಾರ ಮರುಜೋಡಿಸಿ ಹೊಸ ಪ್ರಬಂಧದ ಮೊದಲ ಅಧ್ಯಾಯಕ್ಕೆ ಸೇರಿದವು, ಅವುಗಳ ಮೂಲ ಸಂತೆಯ ತತ್ತಿ ಎಂದು ಸ್ಪಷ್ಟವಾಗಿ ಬರೆದು.

ಈಗ ಆ ಪ್ರಯೋಗಾಲಯದ ದಾಖಲೆ ಹಾಳೆಯಲ್ಲಿ ಪ್ರತಿ ತತ್ತಿಗೂ ಒಂದು ಸಾಲು: ಎತ್ತಿದ ದಿನ ಮತ್ತು ಗಂಟೆ, ತೂಕ, ಪೆಟ್ಟಿಗೆಯ ಲಾಗರಿನ ಗರಿಷ್ಠ ಅಂಕಿ, 16 ಡಿಗ್ರಿಯಲ್ಲಿ ಕಳೆದ ಗಂಟೆಗಳು, ತಟ್ಟೆಯ ಸ್ಥಾನ, ಕರೆಂಟ್ ಹೋದ ಅವಧಿ, ತೆರೆದಾಗಿನ ಸೋಮೈಟ್ ಎಣಿಕೆ, ಹಂತ, ಕಣ್ಣಿನ ವ್ಯಾಸ. ಸತ್ತದ್ದಕ್ಕೂ ಖಾಲಿಯದಕ್ಕೂ ಸಾಲು ಉಂಟು, ಯಾವುದು ಯಾವುದೆಂದು ಒಡೆದು ನೋಡಿ ಬರೆದದ್ದು. 60 ಗಂಟೆ ಎನ್ನುವ ಕಾಲಂ ಕೂಡ ಇದೆ, ಕೊನೆಯಲ್ಲಿ.